ಕ್ಯಾನ್ಸರ್ ಸಂಶೋಧನೆಗಾಗಿ ಓಡಬೇಕೆಂದಿದ್ದೀರಾ? ಶೂ ಕಟ್ಟುವ ಮೊದಲು ಕಾರಣ ಬರೆದುಕೊಳ್ಳಿ

ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ಸಹಾಯಾರ್ಥ ಓಟಕ್ಕೆ ಸೇರಬೇಕು ಅಂದುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಯಾವ ಶೂ ತಗೊಳ್ಳಲಿ? ಎಷ್ಟು ವಾರ ಅಭ್ಯಾಸ ಬೇಕು? ಜನರ ಹತ್ತಿರ ದುಡ್ಡು ಕೇಳೋಕೆ ನಾಚಿಕೆ ಆಗುತ್ತೆ, ಏನು ಮಾಡಲಿ? ಇವೆಲ್ಲ ಮುಗಿದ ಮೇಲೆ, ಸ್ವಲ್ಪ ತಡವರಿಸಿ, ಇನ್ನೊಂದು ಪ್ರಶ್ನೆ ಬರುತ್ತದೆ: ನೋಂದಣಿ ಅರ್ಜಿಯಲ್ಲಿ ‘ನೀವು ಯಾಕೆ ಓಡುತ್ತಿದ್ದೀರಿ?’ ಅಂತ ಒಂದು ಖಾಲಿ ಜಾಗ ಇದೆಯಲ್ಲ, ಅಲ್ಲಿ ಏನು ಬರೆಯಲಿ?

ನನ್ನ ಪ್ರಕಾರ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಯಾವ ಓಟ, ಎಷ್ಟು ದೂರ, ಯಾವ ಸಂಸ್ಥೆಗೆ ಹಣ, ಜನರ ಮುಂದೆ ಯಾವ ಮಾತು ಅನ್ನುವ ನಾಲ್ಕೂ ಆ ಒಂದು ಉತ್ತರದಿಂದ ಹೊರಡುತ್ತವೆ. ಹಾಗಾಗಿ ಈ ಲೇಖನವೂ ಅಲ್ಲಿಂದಲೇ ಶುರು. ಶೂ ವಿಷಯ ನಾಲ್ಕನೇ ಹಂತದಲ್ಲಿ, ಎರಡೇ ಮಾತಿನಲ್ಲಿ ಇದೆ.

ಬೇಕಾಗುವುದು ಇಷ್ಟು: ಓಟದ ದಿನಕ್ಕೆ ಮುಂಚೆ 9ರಿಂದ 10 ವಾರ ಸಮಯ, ವಾರಕ್ಕೆ ಮೂರು ದಿನ ಅರ್ಧದಿಂದ ಮುಕ್ಕಾಲು ಗಂಟೆ, ಕಾಲಿಗೆ ಹೊಂದುವ ಶೂ, ನಿಮ್ಮ ವೈದ್ಯರ ಒಂದು ಮಾತು, ಫೋನಿನಲ್ಲಿರುವ ಹೆಸರುಗಳಿಂದ ಆಯ್ದ ಒಂದು ಪಟ್ಟಿ, ಒಂದು ಹಾಳೆ ಮತ್ತು ಪೆನ್ನು. ದೂರ 5 ಕಿ.ಮೀ. ಅಂತ ಇಟ್ಟುಕೊಂಡು ಬರೆದಿದ್ದೇನೆ. ಇಂಥ ಓಟಗಳಿಗೆ ಮೊದಲ ಸಲ ಬರುವವರಲ್ಲಿ ಹೆಚ್ಚಿನವರಿಗೆ ಅಷ್ಟೇ ಸಾಕು.

ಹಂತ 1: ಕಾರಣ ಬರೆಯಿರಿ, ಸದ್ಯಕ್ಕೆ ನಿಮಗಾಗಿ ಮಾತ್ರ

ಹಾಳೆ ತೆಗೆದುಕೊಂಡು ಕೂತರೆ ಮೊದಲು ಬರುವ ಸಾಲು ಸಾಮಾನ್ಯವಾಗಿ ಬ್ಯಾನರಿನ ಸಾಲು: ‘ಕ್ಯಾನ್ಸರ್ ಮುಕ್ತ ಜಗತ್ತಿಗಾಗಿ’. ಅದನ್ನು ಹೊಡೆದುಹಾಕಿ. ಸುಳ್ಳು ಅಂತಲ್ಲ, ಅದರಲ್ಲಿ ನೀವಿಲ್ಲ. ಅದರ ಬದಲು ಮೂರು ಪ್ರಶ್ನೆಗೆ ಒಂದೊಂದು ಸಾಲು ಬರೆಯಿರಿ. ಯಾರ ನೆನಪಾಗಿ ಈ ಯೋಚನೆ ಬಂತು? ಏನಾಯಿತು? ಇಷ್ಟೆಲ್ಲ ಇರುವಾಗ ಓಟವೇ ಯಾಕೆ, ಸಂಶೋಧನೆಯೇ ಯಾಕೆ?

ಮೂರನೆಯದಕ್ಕೆ ಉತ್ತರ ಸುಲಭವಾಗಿ ಬರುವುದಿಲ್ಲ. ಕೆನಡಾದ ಟೆರ್ರಿ ಫಾಕ್ಸ್‌ಗೆ ಆ ಉತ್ತರ ಸ್ಪಷ್ಟವಾಗಿತ್ತು. 1977ರಲ್ಲಿ ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆಯಲ್ಲೇ ಹುಟ್ಟುವ ಒಂದು ಕ್ಯಾನ್ಸರ್, ಬಂದು 18ರ ಆ ಹುಡುಗನ ಬಲಗಾಲನ್ನು ಮೊಣಕಾಲಿಗಿಂತ ಮೇಲೆ ಕತ್ತರಿಸಬೇಕಾಯಿತು. ತಾನು ಬದುಕುವ ಸಾಧ್ಯತೆ ಶೇ. 50, ಎರಡು ವರ್ಷದ ಹಿಂದಾಗಿದ್ದರೆ ಶೇ. 15 ಮಾತ್ರ ಇರುತ್ತಿತ್ತು ಅಂತ ಅವನಿಗೆ ತಿಳಿಯಿತು. ನಡುವೆ ಬದಲಾದದ್ದು ಚಿಕಿತ್ಸೆ, ಅದನ್ನು ಬದಲಿಸಿದ್ದು ಸಂಶೋಧನೆ. ಚಿಕಿತ್ಸೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಕಂಡ ಬೇರೆ ರೋಗಿಗಳ ಸಂಕಟವೂ ಅವನನ್ನು ಬಿಡಲಿಲ್ಲ. 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ದೇಶ ದಾಟಲು ಹೊರಟವನು 143 ದಿನ, 5,373 ಕಿ.ಮೀ. ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಓಟ ಅಲ್ಲಿಗೆ ನಿಂತಿತು. 1981ರ ಜೂನ್‌ನಲ್ಲಿ ತೀರಿಕೊಂಡ. ನಿಮ್ಮ ಕಾರಣ ಅಷ್ಟು ದೊಡ್ಡದಿರಬೇಕಿಲ್ಲ. ಅಷ್ಟು ಖಚಿತವಾಗಿದ್ದರೆ ಸಾಕು.

ಸಾಮಾನ್ಯವಾಗಿ ಕಾಣುವ ಕಾರಣಗಳನ್ನೂ, ಅವುಗಳ ಜೊತೆ ಬರುವ ತೊಡಕನ್ನೂ ಹೇಳಿಬಿಡುತ್ತೇನೆ.

ಯಾರನ್ನೋ ಕಳೆದುಕೊಂಡವರು. ‘ಆಗ ಏನೂ ಮಾಡೋಕಾಗಲಿಲ್ಲ, ಈಗಾದರೂ’ ಅನ್ನುವ ಮಾತು ಇವರಲ್ಲಿ ಪದೇ ಪದೇ ಕೇಳುತ್ತದೆ. ಅದು ಪ್ರಾಮಾಣಿಕ ಕಾರಣ. ಆದರೆ ಸಾವು ಇತ್ತೀಚಿನದಾಗಿದ್ದರೆ ದೊಡ್ಡ ಗುರಿ ಬೇಡ. ಕಡಿಮೆ ದೂರ ಇಟ್ಟುಕೊಳ್ಳಿ, ನಡೆದೂ ಮುಗಿಸಬಹುದಾದ ಓಟ ಆರಿಸಿ, ಕೊನೇ ಗಳಿಗೆಯಲ್ಲಿ ಬೇಡ ಅನ್ನಿಸಿದರೆ ಬಿಡುವ ದಾರಿ ಇರಲಿ.

ಮನೆಯಲ್ಲೇ ಯಾರೋ ಚಿಕಿತ್ಸೆಯಲ್ಲಿರುವವರು. ಇವರ ಸಮಯ ಇವರ ಕೈಯಲ್ಲಿರುವುದಿಲ್ಲ. ಕೀಮೋ ದಿನ ಮುಂದಕ್ಕೆ ಹೋಗುತ್ತದೆ, ಜ್ವರ ಬರುತ್ತದೆ, ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ನೋಂದಣಿಯನ್ನು ಮುಂದಿನ ವರ್ಷಕ್ಕೆ ಹಾಕಿಸಿಕೊಳ್ಳಲು ಅಥವಾ ಬೇರೆಯವರ ಹೆಸರಿಗೆ ವರ್ಗಾಯಿಸಲು ಬಿಡುವ ಓಟವನ್ನೇ ನೋಡಿ. ಇನ್ನೊಂದು ಎಚ್ಚರಿಕೆ: ‘ನಾನು ಇದನ್ನು ಮುಗಿಸಿದರೆ ಅಮ್ಮ ಹುಷಾರಾಗುತ್ತಾಳೆ’ ಅಂತ ಒಳಗೊಳಗೇ ಹರಕೆ ಕಟ್ಟಿಕೊಳ್ಳುವವರಿದ್ದಾರೆ. ಕಾಲು ಉಳುಕಿ ಓಟ ನಿಂತ ದಿನ ಆ ಹರಕೆ ತಿರುಗಿ ನಿಮ್ಮನ್ನೇ ಚುಚ್ಚುತ್ತದೆ. ನಿಮ್ಮ ಓಟಕ್ಕೂ ಅಮ್ಮನ ಸ್ಕ್ಯಾನ್ ವರದಿಗೂ ಸಂಬಂಧ ಇಲ್ಲ ಅನ್ನುವುದನ್ನು ಹಾಳೆಯ ಮೇಲೆಯೇ ಬರೆದಿಡಿ.

ತಾವೇ ಕ್ಯಾನ್ಸರ್ ದಾಟಿ ಬಂದವರು. ಪರೀಕ್ಷೆ, ಸೂಜಿ, ಔಷಧಿಗಳ ಸುದ್ದಿಯೇ ಆಗಿಹೋಗಿದ್ದ ದೇಹವನ್ನು ಮತ್ತೆ ತಮ್ಮದು ಮಾಡಿಕೊಳ್ಳುವ ಆಸೆ ಇವರದು. ನಾಲ್ಕನೇ ಹಂತವನ್ನು ಇವರು ಎರಡು ಸಲ ಓದಬೇಕು.

ವಂಶದಲ್ಲಿ ಕ್ಯಾನ್ಸರ್ ಇರುವವರು. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ವಂಶವಾಹಿಗಳಲ್ಲಿ ದೋಷ ಇದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚುತ್ತದೆ. ‘ಮುಂದಿನ ಸರದಿ ನನ್ನದಾ?’ ಅನ್ನುವ ಭಯದಿಂದ ಓಡುವುದರಲ್ಲಿ ತಪ್ಪಿಲ್ಲ. ಆದರೆ ಓಟಕ್ಕೆ ಹೆಸರು ಕೊಟ್ಟ ಸಮಾಧಾನದಲ್ಲಿ ತಪಾಸಣೆಯನ್ನು ಮುಂದೂಡಬೇಡಿ.

ಇನ್ನು, ಗೆಳೆಯರು ಕರೆದರು, ತೂಕ ಇಳಿಸಬೇಕಿತ್ತು, ಟಿ-ಶರ್ಟ್ ಚೆನ್ನಾಗಿತ್ತು ಅಂತ ಬರುವವರು. ಇವೂ ಕಾರಣಗಳೇ. ಎಲ್ಲರೂ ಕಣ್ಣೀರಿನ ಕಥೆ ಬರೆದಿದ್ದಾರೆ ಅಂತ ಇಲ್ಲದ ದುಃಖವನ್ನು ಎಲ್ಲಿಂದಲೋ ತರಲು ಹೋಗಬೇಡಿ. ‘ನಮ್ಮ ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಬಂದಿಲ್ಲ, ಅದು ಬರೀ ಅದೃಷ್ಟ ಅಂತ ಗೊತ್ತು, ಅದಕ್ಕೇ ಓಡುತ್ತಿದ್ದೇನೆ’ ಅಂತ ಬರೆದರೆ ಓದುವವರು ನಂಬುತ್ತಾರೆ.

ಹಂತ 2: ಅದು ಯಾರ ಕಥೆ ಅಂತ ಕೇಳಿಕೊಳ್ಳಿ

ಅತಿ ಹೆಚ್ಚು ಮನಸ್ತಾಪ ಆಗುವುದು ಇಲ್ಲಿ. ಕಾರಣ ನಿಮ್ಮದು, ಕಾಯಿಲೆ ಬೇರೆಯವರದು. ಅವರು ಆಫೀಸಿನಲ್ಲಿ ಹೇಳಿರಲಿಕ್ಕಿಲ್ಲ. ಮಕ್ಕಳಿಗೆ ಪೂರ್ತಿ ಹೇಳಿರಲಿಕ್ಕಿಲ್ಲ. ಮನೆಯಲ್ಲಿ ಯಾರದೋ ಮದುವೆ ಮಾತುಕತೆ ನಡೆಯುತ್ತಿರಬಹುದು. ನಿಮ್ಮ ಪ್ರೀತಿಯ ನಾಲ್ಕು ಸಾಲು ಮಧ್ಯಾಹ್ನದ ಹೊತ್ತಿಗೆ ಹತ್ತು ಗುಂಪುಗಳಿಗೆ ಹೋಗಿರುತ್ತದೆ, ಆಮೇಲೆ ಅಳಿಸಿ ಪ್ರಯೋಜನ ಇಲ್ಲ.

ಆದ್ದರಿಂದ ಮೊದಲೇ ಕೇಳಿ, ಮತ್ತು ‘ಬೇಡ’ ಅನ್ನಲು ಅವರಿಗೆ ಸುಲಭವಾಗುವ ಹಾಗೆ ಕೇಳಿ. ಹೀಗೆ:

‘ಚಿಕ್ಕಮ್ಮ, ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಸೇರಿಸೋ ಒಂದು ಓಟಕ್ಕೆ ಹೆಸರು ಕೊಟ್ಟಿದೀನಿ. ನಿಮ್ಮನ್ನ ನೆನೆಸ್ಕೊಂಡೇ ಕೊಟ್ಟಿದ್ದು. ಯಾಕೆ ಓಡ್ತಿದೀನಿ ಅಂತ ನಾಲ್ಕು ಸಾಲು ಬರೀಬೇಕಂತೆ. ನಿಮ್ಮ ಹೆಸರು ಹಾಕ್ಲಾ, ಬರೀ “ನಮ್ಮ ಚಿಕ್ಕಮ್ಮ” ಅಂತ ಬರೀಲಾ, ಇಲ್ಲಾ ನಿಮ್ಮ ವಿಷಯ ತೆಗೀಲೇಬಾರ್ದಾ? ಹೇಗಂದ್ರೂ ನಂಗೆ ಸರಿ, ಓಟ ಅಂತೂ ಓಡ್ತೀನಿ. ಬರೆದಿದ್ದನ್ನ ಹಾಕೋಕ್ ಮುಂಚೆ ನಿಮಗೇ ಮೊದ್ಲು ತೋರಿಸ್ತೀನಿ.’

ತೀರಿಕೊಂಡವರ ಬಗ್ಗೆ ಬರೆಯುವುದಾದರೆ ಅವರ ಗಂಡ, ಹೆಂಡತಿ, ಮಕ್ಕಳು, ಹೆತ್ತವರನ್ನು ಕೇಳಿ. ನೀವು ಎಷ್ಟೇ ಹತ್ತಿರದ ಗೆಳೆಯರಾಗಿದ್ದರೂ ಇದು ತಪ್ಪಬಾರದು. ಫೋಟೋಗೆ ಬೇರೆಯಾಗಿ ಒಪ್ಪಿಗೆ ಬೇಕು. ಕೂದಲು ಉದುರಿದ, ಆಸ್ಪತ್ರೆ ಮಂಚದ ಫೋಟೋ ಹಾಕಿದರೆ ದೇಣಿಗೆ ಹೆಚ್ಚು ಬರಬಹುದು ಅನ್ನುವ ಲೆಕ್ಕ ನನಗೆ ಇಷ್ಟವಿಲ್ಲ. ಅವರು ತಮ್ಮನ್ನು ಹೇಗೆ ತೋರಿಸಿಕೊಳ್ಳಲು ಇಷ್ಟಪಡುತ್ತಿದ್ದರೋ ಅಂಥ ಫೋಟೋ ಹಾಕಿ. ಮಕ್ಕಳ ವಿಷಯದಲ್ಲಿ ಹೆತ್ತವರ ಒಪ್ಪಿಗೆಯ ಜೊತೆಗೆ ಮಗುವನ್ನೂ ಕೇಳಿ, ಹೇಳುವಷ್ಟು ದೊಡ್ಡದಾಗಿದ್ದರೆ. ಆಸ್ಪತ್ರೆ, ವೈದ್ಯರ ಹೆಸರು, ವರದಿಯ ಅಂಕಿ, ‘ಡಾಕ್ಟರು ಇಷ್ಟೇ ತಿಂಗಳು ಅಂದಿದ್ದಾರೆ’ ಅನ್ನುವ ಮಾತು, ಇವು ಯಾವ ಸಂದರ್ಭದಲ್ಲೂ ಬೇಡ.

ಪದಗಳ ಬಗ್ಗೆಯೂ ಒಂದು ಮಾತು. ‘ಕ್ಯಾನ್ಸರ್ ವಿರುದ್ಧ ಹೋರಾಡಿ ಸೋತರು’ ಅಂತ ಬರೆಯುವ ರೂಢಿ ಇದೆ. ಸತ್ತವರು ಸಾಕಷ್ಟು ಹೋರಾಡಲಿಲ್ಲ ಅನ್ನುವ ಅರ್ಥ ಅದರಲ್ಲಿ ಅಡಗಿರುತ್ತದೆ, ಅವರ ಮನೆಯವರಿಗೆ ಅದು ನಾಟುತ್ತದೆ. ತಮ್ಮನ್ನು ತಾವೇ ಹೋರಾಟಗಾರರು ಅಂತ ಕರೆದುಕೊಂಡವರಿಗೆ ಆ ಮಾತು ಸರಿ. ಉಳಿದವರ ಬಗ್ಗೆ ‘ತೀರಿಕೊಂಡರು’, ‘ಚಿಕಿತ್ಸೆಯಲ್ಲಿದ್ದಾರೆ’ ಅಂತ ನೇರವಾಗಿ ಬರೆಯಿರಿ. ನಿಮ್ಮ ಸಾಲುಗಳನ್ನು ನಿನ್ನೆಯಷ್ಟೇ ಕಾಯಿಲೆ ಗೊತ್ತಾದ ಯಾರೋ ಒಬ್ಬರು ಓದುತ್ತಾರೆ ಅನ್ನುವುದು ನೆನಪಿರಲಿ.

ಹಂತ 3: ಕಾರಣಕ್ಕೆ ತಕ್ಕ ಓಟ, ಕಾರಣಕ್ಕೆ ತಕ್ಕ ಸಂಸ್ಥೆ

‘ಕ್ಯಾನ್ಸರ್ ಓಟ’ ಅಂತ ಬೋರ್ಡು ಹಾಕಿದ್ದೆಲ್ಲ ಸಂಶೋಧನೆಗೆ ಹಣ ಕೊಡುವುದಿಲ್ಲ. ಕೆಲವು ಬಡ ರೋಗಿಗಳ ಚಿಕಿತ್ಸೆಗೆ, ಕೆಲವು ಉಪಶಮನ ಆರೈಕೆಗೆ, ಅಂದರೆ ನೋವು ಮತ್ತು ಸಂಕಟ ತಗ್ಗಿಸುವ ಆರೈಕೆಗೆ, ಕೆಲವು ಬರೀ ಜಾಗೃತಿಗೆ. ಎಲ್ಲವೂ ಒಳ್ಳೆಯ ಕೆಲಸವೇ. ಆದರೆ ನಿಮ್ಮ ಹಾಳೆಯಲ್ಲಿ ‘ಈ ಕಾಯಿಲೆಗೆ ಔಷಧಿಯೇ ಇರಲಿಲ್ಲ’ ಅಂತ ಇದ್ದರೆ ಸಂಶೋಧನೆಯ ಓಟ ಹುಡುಕಿ. ‘ಔಷಧಿ ಇತ್ತು, ನಮ್ಮ ಹತ್ತಿರ ದುಡ್ಡಿರಲಿಲ್ಲ’ ಅಂತ ಇದ್ದರೆ ನಿಮ್ಮ ಮನಸ್ಸಿಗೆ ಒಪ್ಪುವುದು ಬಹುಶಃ ಚಿಕಿತ್ಸಾ ನೆರವಿನ ಓಟ. ಇದನ್ನು ಈಗಲೇ ಗುರುತಿಸಿಕೊಂಡರೆ ಆಮೇಲೆ ದೇಣಿಗೆ ಕೇಳುವಾಗ ನಾಲಿಗೆ ತೊದಲುವುದಿಲ್ಲ.

ಸಂಶೋಧನೆಯಲ್ಲೂ ಬಗೆಗಳಿವೆ. ಮೂಲ ಸಂಶೋಧನೆ ಅಂದರೆ ಜೀವಕೋಶ ಯಾಕೆ ಹಾದಿ ತಪ್ಪುತ್ತದೆ ಅಂತ ಪ್ರಯೋಗಾಲಯದಲ್ಲಿ ಹುಡುಕುವುದು. ಕ್ಲಿನಿಕಲ್ ಟ್ರಯಲ್ ಅಂದರೆ ಹೊಸ ಚಿಕಿತ್ಸೆಯನ್ನು, ಒಪ್ಪಿಗೆ ಕೊಟ್ಟ ಜನರ ಮೇಲೆ ಹಂತಹಂತವಾಗಿ ಪರೀಕ್ಷಿಸುವುದು: ಮೊದಲು ಕೆಲವೇ ಜನರಲ್ಲಿ ಸುರಕ್ಷತೆ ಮತ್ತು ಪ್ರಮಾಣ, ಆಮೇಲೆ ಪರಿಣಾಮ ಇದೆಯೇ ಅನ್ನುವುದು, ಕೊನೆಗೆ ಹೆಚ್ಚು ಜನರಲ್ಲಿ ಈಗಿರುವ ಚಿಕಿತ್ಸೆಯ ಜೊತೆ ಹೋಲಿಕೆ. ಇವಲ್ಲದೆ ತಡೆಗಟ್ಟುವುದು, ಬೇಗ ಪತ್ತೆ ಹಚ್ಚುವುದು ಇವೆ.

ಇದೆಲ್ಲ ನಿಧಾನದ ಕೆಲಸ. ಒಂದು ಬಗೆಯ ರಕ್ತದ ಕ್ಯಾನ್ಸರ್ ಇದೆ, ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಅಂತ. ಆ ರೋಗಿಗಳ ಜೀವಕೋಶಗಳಲ್ಲಿ ಒಂದು ವಿಚಿತ್ರ ಕ್ರೋಮೋಸೋಮ್, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆ, ಇರುವುದನ್ನು ಫಿಲಡೆಲ್ಫಿಯಾದ ಇಬ್ಬರು ವಿಜ್ಞಾನಿಗಳು 1960ರಲ್ಲಿ ಗುರುತಿಸಿದರು. ಆ ದೋಷದಿಂದ ಹುಟ್ಟುವ ಪ್ರೋಟೀನನ್ನು ಕಟ್ಟಿಹಾಕುವ ಇಮಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2001ರಲ್ಲಿ. ನಡುವಿನ 41 ವರ್ಷ ಯಾರೋ ಹಣ ಕೊಡುತ್ತಲೇ ಇದ್ದರು. ಮಕ್ಕಳಿಗೆ ಬರುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ 1960ರ ದಶಕದ ಆರಂಭದಲ್ಲಿ ಹತ್ತರಲ್ಲಿ ಒಂದು ಮಗು ಉಳಿಯುವುದೂ ಕಷ್ಟವಿತ್ತು. ಒಳ್ಳೆಯ ಚಿಕಿತ್ಸೆ ಸಿಗುವ ಕಡೆ ಈಗ ಹತ್ತಕ್ಕೆ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತವೆ. ಗರ್ಭಕೊರಳಿನ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣ ಅಂತ ತೋರಿಸಿದ ಹೆರಾಲ್ಡ್ ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು, ಅದಕ್ಕೆ ಎರಡು ವರ್ಷ ಮೊದಲೇ ಲಸಿಕೆ ಬಳಕೆಗೆ ಬಂದಿತ್ತು. ‘ನನ್ನ ಪುಡಿಗಾಸಿನಿಂದ ಏನಾಗುತ್ತೆ?’ ಅಂತ ಯಾರಾದರೂ ಕೇಳಿದರೆ ಈ ಮೂರರಲ್ಲಿ ಒಂದನ್ನು ಹೇಳಿ.

ಓಟದ ಸ್ವರೂಪವನ್ನೂ ನೋಡಿ. ಟೆರ್ರಿ ಫಾಕ್ಸ್ ಹೆಸರಿನ ಓಟ 1981ರಿಂದ ನಡೆಯುತ್ತಿದೆ, ಅದರಲ್ಲಿ ಸ್ಪರ್ಧೆಯೇ ಇಲ್ಲ. ಗೆಲ್ಲುವವರಿಲ್ಲ ಅಂದ ಮೇಲೆ ನಡೆಯುವವರಿಗೆ ಮುಜುಗರವಿಲ್ಲ. 1985ರಲ್ಲಿ ಅಮೆರಿಕದ ಶಸ್ತ್ರವೈದ್ಯ ಗಾರ್ಡನ್ ಕ್ಲಾಟ್ ಟಕೋಮಾದ ಒಂದು ಮೈದಾನವನ್ನು 24 ಗಂಟೆ ಸುತ್ತಿ 27,000 ಡಾಲರ್ ಕೂಡಿಸಿದರು. ಅದರಿಂದ ಬೆಳೆದ ರಿಲೇ ಫಾರ್ ಲೈಫ್‌ನಲ್ಲಿ ತಂಡದವರು ಸರದಿಯ ಮೇಲೆ ನಡೆಯುತ್ತಾರೆ, ಕತ್ತಲಾದ ಮೇಲೆ ತೀರಿಕೊಂಡವರ ಹೆಸರಿನಲ್ಲಿ ದೀಪ ಹಚ್ಚುತ್ತಾರೆ. ದುಃಖ ಹಂಚಿಕೊಳ್ಳಬೇಕು ಅನ್ನಿಸುವವರಿಗೆ ಇಂಥದ್ದು ಹಿತ. ಗುಂಪು ಬೇಡ, ಒಬ್ಬನೇ ಓಡಬೇಕು ಅನ್ನಿಸಿದರೆ ವರ್ಚುವಲ್ ಓಟ ಇದೆ: ನಿಮ್ಮ ಜಾಗದಲ್ಲಿ, ನಿಮ್ಮ ಹೊತ್ತಿನಲ್ಲಿ ಓಡಿ ಫೋನಿನ ದಾಖಲೆ ಕಳಿಸುವುದು.

ಹೆಸರು ಕೊಡುವ ಮೊದಲು ಆಯೋಜಕರಿಗೆ ಬರೆದು ಕೇಳಬೇಕಾದ್ದು:

– ನೋಂದಣಿ ಶುಲ್ಕದಲ್ಲಿ ಎಷ್ಟು ಭಾಗ ಸಂಶೋಧನೆಗೆ ಹೋಗುತ್ತದೆ? ಅನೇಕ ಕಡೆ ಶುಲ್ಕ ಪೂರ್ತಿ ಓಟ ನಡೆಸುವ ಖರ್ಚಿಗೇ ಹೋಗುತ್ತದೆ, ಸಂಶೋಧನೆಗೆ ಹೋಗುವುದು ಪ್ರತ್ಯೇಕ ದೇಣಿಗೆ ಮಾತ್ರ. ‘ಫೀಸ್ ಕಟ್ಟಿದೆ, ದಾನ ಆಯ್ತು’ ಅಂದುಕೊಂಡು ಸುಮ್ಮನಾಗುವವರು ಬಹಳ.
– ಕನಿಷ್ಠ ಇಷ್ಟು ಹಣ ಕೂಡಿಸಲೇಬೇಕು ಅನ್ನುವ ಷರತ್ತು ಇದೆಯೇ? ಕೂಡದಿದ್ದರೆ ಉಳಿದದ್ದನ್ನು ನಿಮ್ಮ ಕಾರ್ಡಿನಿಂದಲೇ ಕಡಿತ ಮಾಡುವ ಓಟಗಳಿವೆ. ಸಣ್ಣ ಅಕ್ಷರ ಓದಿ.
– ಹಣ ಯಾವ ಸಂಸ್ಥೆಗೆ, ಯಾವ ಯೋಜನೆಗೆ? ಸಂಸ್ಥೆಯ ನೋಂದಣಿ ಸಂಖ್ಯೆ, ಹಿಂದಿನ ವರ್ಷದ ಲೆಕ್ಕಪತ್ರ ಸಿಗುತ್ತದೆಯೇ?
– ದೇಣಿಗೆದಾರರಿಗೆ ರಸೀದಿ, ತೆರಿಗೆ ವಿನಾಯಿತಿ ಇದೆಯೇ?

ಉತ್ತರ ಬಾರದಿದ್ದರೆ ಅದೇ ಉತ್ತರ. ಹಣವನ್ನು ವ್ಯಕ್ತಿಯೊಬ್ಬರ ಖಾತೆಗೆ ಹಾಕಿ ಅಂದರೆ ಹೊರಟುಬಿಡಿ. ದೊಡ್ಡ ಸಂಸ್ಥೆಗಳ ಹೆಸರನ್ನೇ ಒಂದಕ್ಷರ ಬದಲಿಸಿ ಇಟ್ಟುಕೊಂಡ ನಕಲಿ ಪುಟಗಳೂ ಇರುತ್ತವೆ, ಲಿಂಕ್ ಒತ್ತುವ ಬದಲು ವಿಳಾಸವನ್ನು ನೀವೇ ಟೈಪ್ ಮಾಡಿ.

ಹಂತ 4: ದೇಹವನ್ನು ಸಿದ್ಧಮಾಡುವುದು

ಎದೆನೋವು, ಓಡಾಡುವಾಗ ಅತಿಯಾದ ಏದುಸಿರು, ತಲೆಸುತ್ತು, ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆಯಿಂದ ತೀರಿಕೊಂಡಿದ್ದರೆ ಅಂಥ ಮನೆಯವರು, ಮೊದಲು ವೈದ್ಯರನ್ನು ಕಾಣಿ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮತ್ತು ಮುಗಿಸಿದವರು ತಮ್ಮ ಆಂಕಾಲಜಿಸ್ಟ್, ಅಂದರೆ ಕ್ಯಾನ್ಸರ್ ತಜ್ಞರ ಹತ್ತಿರ ಬರೀ ‘ಓಡಬಹುದಾ?’ ಅಂತ ಕೇಳಿದರೆ ಸಾಲದು. ಇವನ್ನು ಒಂದೊಂದಾಗಿ ಕೇಳಿ. ಹಿಮೋಗ್ಲೋಬಿನ್ ಎಷ್ಟಿದೆ, ಪ್ಲೇಟ್‌ಲೆಟ್ ಸಾಕಷ್ಟಿದೆಯೇ? ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಬಿದ್ದರೆ ರಕ್ತಸ್ರಾವದ ಅಪಾಯ. ಕ್ಯಾನ್ಸರ್ ಮೂಳೆಗೆ ಹರಡಿದೆಯೇ? ಹಾಗಿದ್ದರೆ ಓಟದ ಏಟಿಗೆ ಮೂಳೆ ಮುರಿಯಬಹುದು. ನಾನು ತೆಗೆದುಕೊಂಡ ಔಷಧಿ ಹೃದಯಕ್ಕೆ ತೊಂದರೆ ಮಾಡುವಂಥದ್ದೇ? ಡಾಕ್ಸೋರುಬಿಸಿನ್, ಟ್ರಾಸ್ಟುಜುಮಾಬ್ ಅಂಥವು. ಪಾದ ಜೋಮು ಹಿಡಿದ ಹಾಗಿದೆ, ಪರವಾಗಿಲ್ಲವೇ? ಇದಕ್ಕೆ ನ್ಯೂರೋಪತಿ ಅನ್ನುತ್ತಾರೆ, ಕೆಲವು ಕೀಮೋ ಔಷಧಿಗಳಿಂದ ನರಕ್ಕೆ ಆಗುವ ಹಾನಿ. ನೆಲ ಸರಿಯಾಗಿ ತಿಳಿಯದೆ ಎಡವುವ ಸಾಧ್ಯತೆ ಹೆಚ್ಚು. ಕಂಕುಳಿನ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ತೆಗೆದಿದ್ದರೆ ಕೈ ಊದುವ ಲಿಂಫೆಡೀಮಾ ಬಗ್ಗೆಯೂ, ಎದೆಯಲ್ಲಿ ಪೋರ್ಟ್, ಅಂದರೆ ಔಷಧಿ ಹಾಕಲು ಚರ್ಮದಡಿ ಕೂರಿಸಿದ ಸಾಧನ, ಇದ್ದರೆ ಅದರ ಬಗ್ಗೆಯೂ ಕೇಳಿ.

ಇಷ್ಟು ಹೇಳಿದ್ದು ಹೆದರಿಸಲು ಅಲ್ಲ. ಕ್ಯಾನ್ಸರ್ ರೋಗಿಗಳು ಸುಮ್ಮನೆ ಮಲಗಿರಬೇಕು ಅನ್ನುವ ಕಾಲ ಹೋಯಿತು. ಚಿಕಿತ್ಸೆಯಲ್ಲೂ ಆಮೇಲೂ ಮಿತವಾದ ವ್ಯಾಯಾಮ ಸುಸ್ತನ್ನು ತಗ್ಗಿಸುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ ಮುಗಿಸಿದ 889 ಜನರ ಮೇಲೆ ನಡೆದ ಚಾಲೆಂಜ್ ಎಂಬ ಟ್ರಯಲ್‌ನ ಫಲಿತಾಂಶ 2025ರಲ್ಲಿ ಬಂತು. ಮೂರು ವರ್ಷ ತರಬೇತುದಾರರ ನೆರವಿನಿಂದ ವ್ಯಾಯಾಮ ಮಾಡಿದವರಲ್ಲಿ 5 ವರ್ಷದ ಹೊತ್ತಿಗೆ ಕ್ಯಾನ್ಸರ್ ಮರುಕಳಿಸದೆ, ಹೊಸದೂ ಬಾರದೆ ಬದುಕಿದ್ದವರು ಸುಮಾರು ಶೇ. 80. ಬರೀ ಆರೋಗ್ಯ ಮಾಹಿತಿಯ ಪುಸ್ತಿಕೆ ಪಡೆದವರಲ್ಲಿ ಶೇ. 74. ಈ ಟ್ರಯಲ್‌ಗೆ ಮುಖ್ಯವಾಗಿ ಹಣ ಕೊಟ್ಟದ್ದು ಕೆನಡಿಯನ್ ಕ್ಯಾನ್ಸರ್ ಸೊಸೈಟಿ, ಅಂದರೆ ಜನರ ದೇಣಿಗೆಯಿಂದ ನಡೆಯುವ ಸಂಸ್ಥೆ. ಓಡಿ ಕೂಡಿಸಿದಂಥ ಹಣವೇ ವ್ಯಾಯಾಮದ ಬೆಲೆಯನ್ನೂ ಅಳೆದು ಕೊಟ್ಟಿದೆ! ಆದರೆ ಅದು ಒಂದು ಕ್ಯಾನ್ಸರಿನ, ಒಂದು ಘಟ್ಟದ ಫಲಿತಾಂಶ. ಎಲ್ಲರಿಗೂ ಎಲ್ಲಕ್ಕೂ ಅನ್ವಯಿಸಬೇಡಿ, ‘ಓಡಿದರೆ ಕ್ಯಾನ್ಸರ್ ಬರಲ್ಲ’ ಅಂತ ದೇಣಿಗೆ ಪತ್ರದಲ್ಲಿ ಬರೆಯಲೇಬೇಡಿ.

ಅಭ್ಯಾಸ ಹೀಗಿರಲಿ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪ್ರತಿ ಸಲ ಮೊದಲ 5 ನಿಮಿಷ ಚುರುಕು ನಡಿಗೆ.

ವಾರ 1 ಮತ್ತು 2: 1 ನಿಮಿಷ ಓಟ, 2 ನಿಮಿಷ ನಡಿಗೆ, ಎಂಟು ಸಲ.
ವಾರ 3 ಮತ್ತು 4: 2 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸಲ.
ವಾರ 5 ಮತ್ತು 6: 5 ನಿಮಿಷ ಓಟ, 2 ನಿಮಿಷ ನಡಿಗೆ, ನಾಲ್ಕು ಸಲ.
ವಾರ 7 ಮತ್ತು 8: 10 ನಿಮಿಷ ಓಟ, 2 ನಿಮಿಷ ನಡಿಗೆ, ಮೂರು ಸಲ.
ಕೊನೆಯ ವಾರ: ಎರಡೇ ದಿನ, ಹಗುರವಾಗಿ.

ಒಂದು ವಾರ ಕಷ್ಟವಾದರೆ ಅದನ್ನೇ ಇನ್ನೊಮ್ಮೆ ಮಾಡಿ. ವೇಗಕ್ಕೆ ಒಂದೇ ಅಳತೆ: ಓಡುತ್ತಲೇ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ನಿಧಾನಿಸಿ. ಇಂಥ ಕಾರಣಕ್ಕೆ ಓಡುವವರಲ್ಲಿ ವಿಶೇಷವಾಗಿ ಕಾಣುವ ತೊಂದರೆ ಇದು: ಮನಸ್ಸು ಭಾರವಾದ ದಿನ, ವರ್ಷಾಬ್ದಿಕದ ದಿನ, ಕೆಟ್ಟ ವರದಿ ಬಂದ ದಿನ, ಹೊರಗೆ ಹೋಗಿ ಕಾಲು ಸೋಲುವವರೆಗೆ ಓಡಿಬಿಡುತ್ತಾರೆ. ಮರುದಿನ ಮೊಣಕಾಲ ಕೆಳಗಿನ ಮೂಳೆ ಹಿಡಿದುಕೊಂಡು ಕೂರಬೇಕಾಗುತ್ತದೆ. ಅಂಥ ದಿನ ಗಡಿಯಾರ ಮನೆಯಲ್ಲಿಟ್ಟು ನಡೆಯಲು ಹೋಗಿ.

ಶೂ: ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಲಿ, ಅಂಗಡಿಯಲ್ಲಿ ಹಾಕಿ ನಾಲ್ಕು ಹೆಜ್ಜೆ ಓಡಿ ನೋಡಿ. ಓಟದ ದಿನ ಹೊಸ ಶೂ ತೊಡಬೇಡಿ.

ಹಂತ 5: ದೇಣಿಗೆ ಕೇಳುವುದು

ಮೊದಲ ದೇಣಿಗೆ ನಿಮ್ಮದೇ ಆಗಿರಲಿ. ಸೊನ್ನೆ ತೋರಿಸುವ ಪುಟಕ್ಕೆ ಮೊದಲಿಗರಾಗಿ ಹಣ ಹಾಕಲು ಯಾರೂ ಇಷ್ಟಪಡುವುದಿಲ್ಲ. ಆಮೇಲೆ ಖಂಡಿತ ಕೊಡುವ ನಾಲ್ಕೈದು ಜನ ಆಪ್ತರು, ನಂತರ ಉಳಿದ ಪಟ್ಟಿ, ಎಲ್ಲಕ್ಕಿಂತ ಕೊನೆಗೆ ಗುಂಪುಗಳು. ಗುಂಪಿಗೆ ಹಾಕಿದ ಸಂದೇಶವನ್ನು ಎಲ್ಲರೂ ಬೇರೆಯವರಿಗೆ ಬಂದದ್ದು ಅಂತಲೇ ಓದುತ್ತಾರೆ. ಒಬ್ಬೊಬ್ಬರಿಗೇ, ಹೆಸರು ಹಿಡಿದು ಬರೆಯಿರಿ.

ಸಂದೇಶದಲ್ಲಿ ನಾಲ್ಕು ಸಂಗತಿ ಸಾಕು: ಏನು ಮಾಡುತ್ತಿದ್ದೀರಿ, ಯಾಕೆ, ಹಣ ಎಲ್ಲಿಗೆ, ಯಾವತ್ತಿನೊಳಗೆ. ಹಂತ 1ರ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಮಾದರಿ:

‘ಮುಂದಿನ ತಿಂಗಳು 5 ಕಿ.ಮೀ. ಓಡ್ತಿದೀನಿ, ಶಾಲೆ ಬಿಟ್ಟ ಮೇಲೆ ಇದೇ ಮೊದಲು. ಅಪ್ಪನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು. ದಿನಾ ಒಂದು ಮಾತ್ರೆ ತಗೊಂಡು ಬೆಳಿಗ್ಗೆ ನನಗಿಂತ ಮೊದಲು ಎದ್ದು ವಾಕಿಂಗ್ ಹೋಗ್ತಾರೆ. ಆ ಮಾತ್ರೆ ಅಜ್ಜನ ಕಾಲದಲ್ಲಿ ಇರಲಿಲ್ಲ. ಇನ್ನೂ ಮಾತ್ರೆ ಸಿಗದ ಕ್ಯಾನ್ಸರ್‌ಗಳ ಸಂಶೋಧನೆಗೆ ದುಡ್ಡು ಸೇರಿಸ್ತಿದೀನಿ, ನೇರ ಸಂಸ್ಥೆಯ ಖಾತೆಗೇ ಹೋಗುತ್ತೆ, ರಸೀದಿ ಬರುತ್ತೆ. ಈ ತಿಂಗಳ ಕೊನೆಯೊಳಗೆ ಕೈಲಾದಷ್ಟು ಹಾಕಿದ್ರೆ ಖುಷಿ. ಆಗದಿದ್ರೂ ಬೇಜಾರಿಲ್ಲ. ಅಪ್ಪ ಇದನ್ನ ಓದಿ ಒಪ್ಪಿದಾರೆ.’

ಕೊನೆಯ ಸಾಲು ಬಿಡಬೇಡಿ. ಓದುವವರ ಮುಜುಗರ ಅದರಿಂದ ಅರ್ಧ ಕಮ್ಮಿಯಾಗುತ್ತದೆ.

ಚಿಕ್ಕ, ಸ್ಪಷ್ಟ ಮೊತ್ತ ಕೇಳುವುದು ಒಳ್ಳೆಯದು. ಟೆರ್ರಿ ಫಾಕ್ಸ್ ಪ್ರತಿ ಕೆನಡಿಯನ್‌ನಿಂದ ಕೇಳಿದ್ದು ಒಂದೇ ಡಾಲರ್. 1981ರ ಫೆಬ್ರವರಿ ಹೊತ್ತಿಗೆ ದೇಶದ ಜನಸಂಖ್ಯೆಯಷ್ಟು, 2 ಕೋಟಿ 40 ಲಕ್ಷಕ್ಕೂ ಹೆಚ್ಚು ಡಾಲರ್ ಕೂಡಿತ್ತು.

ಉತ್ತರ ಬರದಿದ್ದವರಿಗೆ ಒಂದು ಸಲ ನೆನಪಿಸಿ, ಓಟಕ್ಕೆ ಒಂದು ವಾರ ಇರುವಾಗ. ಎರಡನೇ ಸಲ ಬೇಡ. ಕೊಡದವರ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಅವರ ಮನೆಯಲ್ಲಿ ಏನು ನಡೆದಿದೆ ಅಂತ ನಮಗೆ ಗೊತ್ತಿರುವುದಿಲ್ಲ. ನಗದು ಯಾರಾದರೂ ಕೊಟ್ಟರೆ ಅವತ್ತೇ ಅವರ ಹೆಸರಿನಲ್ಲಿ ಆನ್‌ಲೈನ್ ಹಾಕಿ ರಸೀದಿ ಕಳಿಸಿ. ನೀವು ಕೆಲಸ ಮಾಡುವ ಕಡೆ ಮ್ಯಾಚಿಂಗ್ ದೇಣಿಗೆ ಇದೆಯೇ ಅಂತ ವಿಚಾರಿಸಿ, ಅಂದರೆ ನೌಕರ ಕೂಡಿಸಿದಷ್ಟೇ ಹಣವನ್ನು ಕಂಪನಿಯೂ ಸೇರಿಸಿ ಕೊಡುವ ಪದ್ಧತಿ.

ಒಂದಕ್ಕೆ ಸಿದ್ಧರಾಗಿರಿ. ಹಣಕ್ಕಿಂತ ಮೊದಲು ಕಥೆಗಳು ಬರುತ್ತವೆ. ವರ್ಷಗಳಿಂದ ಮಾತಿಲ್ಲದ ಸಹಪಾಠಿ ‘ನನ್ನ ಹೆಂಡ್ತಿಗೂ ಇದೇ’ ಅಂತ ಬರೆಯಬಹುದು. ಅದಕ್ಕೆ ‘ಧನ್ಯವಾದ, ಲಿಂಕ್ ಇಲ್ಲಿದೆ’ ಅಂತ ಉತ್ತರಿಸಬೇಡಿ. ಫೋನ್ ಮಾಡಿ, ಲಿಂಕ್ ಮಾತೇ ಎತ್ತಬೇಡಿ.

ಹಂತ 6: ಓಟದ ದಿನ

ಬಿಬ್, ಅಂದರೆ ಎದೆಗೆ ಸಿಕ್ಕಿಸುವ ಸಂಖ್ಯೆಯ ಹಾಳೆ, ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಅದರ ಹಿಂಬದಿಯಲ್ಲಿ ನಿಮ್ಮ ಕಾಯಿಲೆ, ಔಷಧಿ, ತುರ್ತಿಗೆ ಕರೆಯಬೇಕಾದವರ ನಂಬರ್ ಬರೆಯಿರಿ. ಓಡುವ ಮುಂಚೆ ಮುನ್ನೆಚ್ಚರಿಕೆ ಅಂತ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗಬೇಡಿ, ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಹೊರೆ. ನೀರನ್ನು ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು. ಎದೆನೋವು ಅಥವಾ ತಲೆಸುತ್ತು ಬಂದರೆ ಅಲ್ಲೇ ನಿಂತು ಸ್ವಯಂಸೇವಕರನ್ನು ಕರೆಯಿರಿ, ‘ಇನ್ನೊಂದೇ ಕಿಲೋಮೀಟರ್’ ಅನ್ನಬೇಡಿ.

ಅನೇಕ ಓಟಗಳಲ್ಲಿ ಬೆನ್ನಿಗೆ ಇನ್ನೊಂದು ಚೀಟಿ ಕೊಡುತ್ತಾರೆ: ‘ನಾನು ಓಡುತ್ತಿರುವುದು ______ಗಾಗಿ’. ಹೆಸರು ಬರೆಯಲು ಒಪ್ಪಿಗೆ ಇಲ್ಲದಿದ್ದರೆ ‘ಅಕ್ಕನಿಗಾಗಿ’ ಅಂತ ಬರೆದರೂ ಆಯಿತು. ಮುಂದೆ ಓಡುವ ನೂರಾರು ಬೆನ್ನುಗಳ ಮೇಲಿನ ಹೆಸರು ಓದುತ್ತ ಹೋಗುವಾಗ ಗಂಟಲು ಕಟ್ಟುವುದು ಸಹಜ. ಅಳುತ್ತ ಓಡಿದರೆ ಉಸಿರು ಲಯ ತಪ್ಪಿ ಪಕ್ಕೆ ಹಿಡಿದುಕೊಳ್ಳುತ್ತದೆ. ಹಾದಿಯ ಅಂಚಿಗೆ ಸರಿದು ಸ್ವಲ್ಪ ನಡೆಯಿರಿ, ಉಸಿರು ಉದ್ದಕ್ಕೆ ಬಿಡಿ. ಹಿಂದಿನವರಿಗೆ ಅಡ್ಡ ನಿಲ್ಲಬೇಡಿ, ಅಷ್ಟೇ.

ಹಂತ 7: ಮುಗಿದ ಮೇಲಿನ ಕೆಲಸ

ಮೆಡಲ್ ಹಿಡಿದು ಫೋಟೋ ಹಾಕಿದ ದಿನವೇ ಇನ್ನೊಂದಿಷ್ಟು ದೇಣಿಗೆ ಬರುತ್ತದೆ. ಮುಗಿಸುತ್ತಾನೋ ಇಲ್ಲವೋ ಅಂತ ಕಾದಿದ್ದವರು ಅವರು! ಹಾಗಾಗಿ ದೇಣಿಗೆ ಪುಟ ಯಾವತ್ತು ಮುಚ್ಚುತ್ತದೆ ಅಂತ ಮೊದಲೇ ನೋಡಿಟ್ಟುಕೊಂಡು ಫೋಟೋದ ಜೊತೆ ಆ ದಿನಾಂಕವನ್ನೂ ಹಾಕಿ.

ಕೊಟ್ಟ ಪ್ರತಿಯೊಬ್ಬರಿಗೂ ಒಟ್ಟು ಎಷ್ಟು ಕೂಡಿತು, ಎಲ್ಲಿಗೆ ಹೋಯಿತು ಅಂತ ಎರಡು ಸಾಲು ಬರೆಯಿರಿ. ಯಾರ ಕಥೆ ಹೇಳಿ ಹಣ ಕೇಳಿದಿರೋ ಅವರಿಗೆ, ಅಥವಾ ಅವರ ಮನೆಯವರಿಗೆ, ಎಲ್ಲರಿಗಿಂತ ಮೊದಲು ತಿಳಿಸಿ. ‘ಇನ್ನು ಆ ಬರಹ ತೆಗೆದುಬಿಡಲಾ, ಇರಲಾ?’ ಅಂತಲೂ ಕೇಳಿ. ಓಟಕ್ಕೆ ಒಪ್ಪಿದವರು ಅದು ವರ್ಷಾನುಗಟ್ಟಲೆ ಹುಡುಕಿದವರಿಗೆಲ್ಲ ಸಿಗುತ್ತಿರಲಿ ಅಂತ ಒಪ್ಪಿರಲಿಕ್ಕಿಲ್ಲ.

ಮ್ಯಾಚಿಂಗ್ ದೇಣಿಗೆಗೆ ಅರ್ಜಿ ಹಾಕಲು ರಸೀದಿ, ಸಂಸ್ಥೆಯ ನೋಂದಣಿ ಸಂಖ್ಯೆ, ಓಟ ಮುಗಿಸಿದ ಪ್ರಮಾಣಪತ್ರ ಕೇಳುವುದುಂಟು. ಪುಟ ಮುಚ್ಚಿದ ಮೇಲೆ ಇವನ್ನು ಹುಡುಕುವುದು ತಲೆನೋವು. ಅದೇ ವಾರ ಇಳಿಸಿಕೊಂಡು ಒಂದೇ ಫೋಲ್ಡರಿನಲ್ಲಿಟ್ಟು, ಕೊನೆಯ ದಿನಾಂಕಕ್ಕೆ ಮುಂಚೆ ಅರ್ಜಿ ಕಳಿಸಿಬಿಡಿ.